ಮೂರನೇ ಮಾಳಿಗೆಯ ಮೀನು

ನನ್ನ ಗಂಡ ಅಕ್ವೇರಿಯಂ ಕೊಂಡು ತಂದವರಲ್ಲ, ಮನೆಯೊಳಗೇ ಕೂತು ಕಟ್ಟಿದವರು. ಮಣಿಪಾಲದ ಒಂದು ಕಾಲೇಜಿನಲ್ಲಿ ಅವರಿಗೆ ಎ.ಸಿ. ರಿಪೇರಿಯ ಕೆಲಸ. ಅಲ್ಲಿಯದೇ ಹಳೆಯ ಸ್ಟಾಫ್ ಕ್ವಾರ್ಟರ್ಸಿನ ಮೂರನೇ ಮಾಳಿಗೆಯಲ್ಲಿ ನಮ್ಮ ಮನೆ, ಲಿಫ್ಟ್ ಇಲ್ಲ. ದಪ್ಪ ಗಾಜಿನ ಹಾಳೆಗಳನ್ನು ಒಂದೊಂದಾಗಿ ಮೇಲಕ್ಕೆ ಹೊತ್ತು ತಂದರು. ಹಾಲ್‌ನಲ್ಲಿ ಹಳೆಯ ಪೇಪರ್ ಹಾಸಿ, ಸಿಲಿಕೋನ್ ಅಂಟು ಹಾಕಿ, ಮೂಲೆಮೂಲೆಗೂ ಟೇಪ್ ಬಿಗಿದು, ಒಣಗುವ ತನಕ ಯಾರೂ ಆ ಕಡೆ ಸುಳಿಯಬಾರದೆಂದು ಕಟ್ಟಪ್ಪಣೆ ಮಾಡಿದರು. ಯಾರೂ ಎಂದರೆ ನಾನು. ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ಆ ವಾರವಿಡೀ ಅಡುಗೆಕೋಣೆಯ ನೆಲದಲ್ಲಿ ಕೂತು ಊಟ ಮಾಡಿದೆವು. ಕೊನೆಗೆ ಎದ್ದು ನಿಂತದ್ದು ನಮ್ಮ ಸೋಫಾಕ್ಕಿಂತ ಉದ್ದದ ಗಾಜಿನ ಪೆಟ್ಟಿಗೆ. ಇದನ್ನು ಮುಂದೆ ಇಲ್ಲಿಂದ ಹೊರಗೆ ತೆಗೆಯುವುದು ಹೇಗೆ ಎಂದು ನಾನು ಕೇಳಿದೆ. ಹೊರಗೆ ಯಾಕೆ ತೆಗೆಯಬೇಕು ಎಂದು ಅವರು ನನ್ನನ್ನೇ ಕೇಳಿದರು. ನಿವೃತ್ತಿ ಎಂಬುದೊಂದು ಉಂಟು ಎಂದು ನೆನಪು ಮಾಡಿದೆ. ಅದಕ್ಕೆ ಇನ್ನೂ ತುಂಬ ಕಾಲ ಉಂಟು ಎಂದರು.

ಗಂಡನ ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ.

ಇವರದು ಕಾಪು ಕಡಲ ಬದಿಯ ಮನೆ. ತಂದೆ ಮೀನುಗಾರ, ಅಜ್ಜ ಮೀನುಗಾರ, ಅಣ್ಣ ಈಗ ಮಲ್ಪೆಯಿಂದ ಪಿಕಪ್‌ನಲ್ಲಿ ಮೀನು ಸಾಗಿಸುವವರು. ಹುಟ್ಟಿದಂದಿನಿಂದ ಮೀನನ್ನು ಹಿಡಿದು, ಮಾರಿ, ತಿಂದ ಮನೆಯ ಹುಡುಗ ಮೀನಿಗೆ ಗಾಜಿನ ಮನೆ ಕಟ್ಟಿದ್ದಾನೆ ಎಂದರೆ ನೆಂಟರೆಲ್ಲ ನಗುತ್ತಿದ್ದರು. ನಾನು ಕಾರ್ಕಳದವಳು, ನಮ್ಮಲ್ಲಿ ಮೀನು ಎಂದರೆ ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುವ ವಸ್ತು. ಹಾಗಾಗಿ ನಗುವವರ ಜೊತೆ ನಾನೂ ಸೇರಿಕೊಂಡಿದ್ದೆ. ಮಾವ ಮೊದಲ ಸಲ ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಗಾಜಿಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ, ಇದು ಗಸಿಗೋ ಹುರಿಯಲಿಕ್ಕೋ ಎಂದು ಕೇಳಿದರು. ಇವರಿಗೆ ಸಿಟ್ಟು ಬಂದು, ಎಂದಿನ ಏರು ದನಿಯಲ್ಲಿ ಅಪ್ಪನಿಗೆ ಬೈದು, ಆ ದಿನ ಮತ್ತೆ ಮಾತೇ ಆಡಲಿಲ್ಲ.

ಆ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಮೀನು. ಆಸ್ಕರ್ ಎಂದು ಅದರ ಜಾತಿ. ಮಂಗಳೂರಿನ ಅಂಗಡಿಯಿಂದ ತರುವಾಗ ಹೆಬ್ಬೆರಳಿನಷ್ಟಿತ್ತು, ಬೆಳೆದು ನನ್ನ ಮೊಣಕೈ ಉದ್ದಕ್ಕೆ ಬಂದಿತ್ತು. ಕಪ್ಪು ಮೈ, ಬದಿಯಲ್ಲಿ ಕೆಂಡದ ಬಣ್ಣದ ಪಟ್ಟೆಗಳು, ಬಾಲದ ಬುಡದಲ್ಲಿ ಒಂದು ಕಣ್ಣಿನಂಥ ಚುಕ್ಕೆ. ಬೇರೆ ಯಾವ ಮೀನು ಬಿಟ್ಟರೂ ಕಚ್ಚಿ ಓಡಿಸುತ್ತಿತ್ತು. ಸಿಡುಕಿನಲ್ಲಿ ನಿನ್ನದೇ ಕುಲ ಎಂದು ಇವರು ನನಗೆ ಹೇಳುತ್ತಿದ್ದರು. ಅದು ನಿಜ, ನನ್ನ ಬಾಯಿ ಸುಮ್ಮನಿರುವ ಬಾಯಿ ಅಲ್ಲ. ಅದಕ್ಕೆ ಹೆಸರಿಡಬೇಡಿ, ಹೆಸರಿಟ್ಟರೆ ಮನೆಯವರಂತಾಗುತ್ತದೆ ಎಂದಿದ್ದೆ. ಹೆಸರಿಡದೆಯೇ ಅದು ಮನೆಯವರಂತಾಯಿತು. ಇವರ ಬೈಕಿನ ಸದ್ದು ಕೆಳಗೆ ಕೇಳಿದರೆ ಮೂರನೇ ಮಾಳಿಗೆಯಲ್ಲಿ ಅದು ಗಾಜಿನ ಮುಂದೆ ಬಂದು ನಿಲ್ಲುತ್ತಿತ್ತು. ಇವರು ಕೈ ತೊಳೆದು ನೀರಿಗೆ ಬೆರಳು ಇಳಿಸಿದರೆ ಮೇಲಕ್ಕೆ ಬಂದು ಬೆನ್ನು ತಾಗಿಸುತ್ತಿತ್ತು. ನಾನು ಬೆರಳು ಇಳಿಸಿದರೆ ಕಚ್ಚುತ್ತಿತ್ತು.

ಆಮೇಲೆ ಇವರಿಗೆ ಕಿಡ್ನಿ ತೊಂದರೆ ಶುರುವಾಯಿತು. ಡಯಾಲಿಸಿಸ್‌ಗೆ ಹೋಗುವ ದಿನ ಬರುಬರುತ್ತಾ ಮೆಟ್ಟಿಲು ಇಳಿಯಲಿಕ್ಕೂ ತ್ರಾಣ ಇರುತ್ತಿರಲಿಲ್ಲ. ಕೆಳಗಿನ ಮನೆಯವರು, ಎದುರು ಮನೆಯವರು ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದರು. ತಿರುವಿನಲ್ಲಿ ಕುರ್ಚಿಯ ಕಾಲು ಕಂಬಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಸಲ ಹಾಗೆ ಸಿಕ್ಕಿಕೊಂಡಾಗ ಇವರು ನಗುತ್ತಾ, ನನ್ನನ್ನು ಇಳಿಸಲಿಕ್ಕೆ ಇಷ್ಟು ಕಷ್ಟ, ಅಕ್ವೇರಿಯಂ ಇಳಿಸುವವರ ಗತಿ ಎಂತ ಎಂದರು. ಹೊತ್ತವರೂ ನಕ್ಕರು. ನಾನು ಚೀಲ ಹಿಡಿದುಕೊಂಡು ಹಿಂದೆ ಇಳಿಯುತ್ತಿದ್ದೆ, ನಗಲಿಲ್ಲ.

ದೀಪಾವಳಿ ಕಳೆದ ಮೇಲೆ ಇವರು ತೀರಿಕೊಂಡರು.

ಅಪ್ಪ ಮಗನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಇವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಮಾವ ಕಾಪುವಿನಿಂದ ಬಸ್ಸಿನಲ್ಲಿ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಸಂಜೆ ಎದ್ದು ಹೋಗುತ್ತಿದ್ದರು. ಮಗ ಹೋದ ದಿನ ಬೇಕಾದ್ದನ್ನೆಲ್ಲ ತಾವೇ ನಿಂತು ಮಾಡಿಸಿದರು. ಉತ್ತರಕ್ರಿಯೆಯ ದಿನ ಊಟಕ್ಕೆ ಕೂತವರ ಸಾಲಿನಲ್ಲಿ ನೀರು ಬಂತಾ, ಸಾರು ಬಂತಾ ಎಂದು ವಿಚಾರಿಸಿದರು. ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ನೋಡಲಿಲ್ಲ. ಎಂಥ ಕಲ್ಲು ಮನುಷ್ಯ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಅದನ್ನು ನಾನು ಮುಚ್ಚಿಟ್ಟುಕೊಳ್ಳಲಿಲ್ಲ. ಅವರು ಬಂದಾಗ ಚಹಾ ಕೊಟ್ಟು ಒಳಗೆ ಹೋಗಿ ಬಿಡುತ್ತಿದ್ದೆ.

ಕ್ವಾರ್ಟರ್ಸ್ ಬಿಟ್ಟುಕೊಡಲು ಬೇಸಿಗೆ ರಜೆಯ ತನಕ ಅವಕಾಶ ಸಿಕ್ಕಿತು. ನಾನು ಕಾರ್ಕಳದ ಶಾಲೆಯೊಂದರಲ್ಲಿ ಟೀಚರು. ಇಷ್ಟು ವರ್ಷ ಮಣಿಪಾಲದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಇನ್ನು ಅಲ್ಲಿಯೇ ಮನೆ ಮಾಡುವುದು ಎಂದಾಯಿತು. ಶಾಲೆಯ ಹತ್ತಿರ ಸಿಕ್ಕಿದ್ದು ಎರಡು ಕೋಣೆಯ ಮಹಡಿ ಮನೆ. ಅಷ್ಟು ಭಾರದ ನೀರಿನ ಪೆಟ್ಟಿಗೆ ಮಹಡಿಯ ಮೇಲೆ ಬೇಡ ಎಂದು ಮನೆಯ ಮಾಲಕರು ಮೊದಲೇ ಹೇಳಿಬಿಟ್ಟರು. ಉಳಿದ ಸಾಮಾನೆಲ್ಲ ಹೋಯಿತು. ಹಾಲ್‌ನಲ್ಲಿ ಮೀನು ಮತ್ತು ನಾನು ಉಳಿದೆವು.

ಆ ಮೀನಿನ ವಿಷಯದಲ್ಲಿ ನನಗೆ ಏನಾಗಿತ್ತು ಎಂದು ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಒಂದು ಮೀನಿಗಾಗಿ ಇವಳದ್ದೆಂತ ರಾಮಾಯಣ ಎಂದು ನಿಮಗೆ ಅನಿಸಬಹುದು. ಇವರು ಹೋದ ಮೇಲೆ ಅದು ಕೆಲವು ದಿನ ಏನೂ ತಿನ್ನಲಿಲ್ಲ. ಆದರೆ ಸಂಜೆ ಕೆಳಗೆ ಯಾರದೋ ಬೈಕ್ ನಿಂತರೆ ಗಾಜಿನ ಮುಂದೆ ಬಂದು ನಿಲ್ಲುತ್ತಿತ್ತು. ಬಾಗಿಲ ಕಡೆ ನೋಡುತ್ತಿತ್ತು. ಊರೆಲ್ಲ ಕಾಯುವುದನ್ನು ಬಿಟ್ಟಿತ್ತು. ಸಂತಾಪ ಹೇಳಿ, ತಿಥಿ ಉಂಡು, ತಮ್ಮ ತಮ್ಮ ಕೆಲಸಕ್ಕೆ ಹೋಗಿತ್ತು. ಇವರು ಬರುತ್ತಾರೆ ಎಂದು ಇನ್ನೂ ಕಾಯುತ್ತಿದ್ದದ್ದು ಆ ಮೀನು ಮಾತ್ರ. ಅದರ ಜೊತೆ ನಾನೂ ಬಾಗಿಲ ಕಡೆ ನೋಡುತ್ತಿದ್ದೆ. ಒಂದು ದಿನ ಬೆರಳು ನೀರಿಗೆ ಇಳಿಸಿದೆ, ಅದು ಕಚ್ಚಲಿಲ್ಲ, ಬೆನ್ನು ತಾಗಿಸಿತು. ಅಂದು ನಾನು ಗಾಜಿಗೆ ಹಣೆ ಇಟ್ಟು ಅತ್ತಷ್ಟು ಇವರ ಹೆಣದ ಮುಂದೆಯೂ ಅತ್ತಿರಲಿಲ್ಲ. ಈ ಮೀನೊಂದು ಬದುಕಿರಲಿ, ಬೇರೆ ಏನೂ ನನಗೆ ಬೇಡ ಎಂದು ಅಂದುಕೊಂಡೆ.

ಅಂಗಡಿಯವರಿಗೆ ಕೊಟ್ಟುಬಿಡು ಎಂದು ನನ್ನ ಅಣ್ಣ ಹೇಳಿದ. ಹಾಸ್ಟೆಲಿನ ಪಕ್ಕದ ಹೋಟೆಲಿನವರು ಕೇಳಿದರು, ಕೌಂಟರಿನ ಬಳಿ ಇಡುತ್ತಾರಂತೆ. ಅದು ಹೇಗೋ ಮಾವನ ಕಿವಿಗೆ ಬಿತ್ತು. ಎಂದೂ ನನಗೆ ಫೋನು ಮಾಡದವರು ಅಂದು ಮಾಡಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾರಿಗೂ ಕೊಡಬೇಡ ಮಗಾ,” ಎಂದರು. “ಇಲ್ಲಿಗೆ ತಾ. ನಾನು ನೋಡಿಕೊಳ್ಳುತ್ತೇನೆ.”

ಅಷ್ಟು ಹೇಳಿ ಇಟ್ಟುಬಿಟ್ಟರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಸ್ಸು ಹತ್ತಿದರೆ ಸಂಜೆಯೊಳಗೆ ಕಾಪು ಮುಟ್ಟಬಹುದು ಎಂದು ಲೆಕ್ಕ ಹಾಕಿದೆ. ಮಾವನ ಮೇಲಿನ ಉರಿ ಆ ದಿನ ಸ್ವಲ್ಪ ಆರಿತು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಎಲ್ಲರೂ ಬಂದರು. ಭಾವ, ಎಂದರೆ ಇವರ ಅಣ್ಣ, ಮಲ್ಪೆಯಲ್ಲಿ ಏಲಂ ಮುಗಿಸಿ, ಪೇಟೆಗೆ ಮೀನು ಹಾಕಿ, ಅದೇ ಪಿಕಪ್‌ನಲ್ಲಿ ನೇರ ಮಣಿಪಾಲಕ್ಕೆ ಬಂದಿದ್ದರು. ಜೊತೆಗೆ ಬೋಟಿನಲ್ಲಿ ದುಡಿಯುವ ಗಟ್ಟಿಮುಟ್ಟು ಗಂಡಸರು ಕೆಲವರು. ಮುಂದಿನ ಸೀಟಿನಿಂದ ಮಾವ ಇಳಿದರು, ಹೆಗಲ ಮೇಲೆ ಬೈರಾಸು, ಅವರು ಸದಾ ಹಾಕಿಕೊಳ್ಳುವ ಅಗಲದ ಟವೆಲ್ಲು. ಪಿಕಪ್ ಇನ್ನೂ ಮೀನಿನ ವಾಸನೆ ಹೊಡೆಯುತ್ತಿತ್ತು, ಕ್ವಾರ್ಟರ್ಸಿನ ಹೆಂಗಸೊಬ್ಬರು ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ನನಗೆ ಆ ವಾಸನೆಯಿಂದ ಧೈರ್ಯ ಬಂತು. ಭಾರ ಎತ್ತುವವರು ಬಂದರು ಎಂದೆನಿಸಿತು.

ಇವರು ಹೇಳಿಕೊಟ್ಟದ್ದೆಲ್ಲ ನನಗೆ ಬಾಯಿಪಾಠ ಆಗಿತ್ತು. ನಲ್ಲಿ ನೀರು ನೇರ ಹಾಕಬಾರದು, ಮೀನು ಇದ್ದ ಹಳೆಯ ನೀರನ್ನೇ ಒಯ್ಯಬೇಕು, ಫಿಲ್ಟರಿನ ಸ್ಪಂಜು ಒಣಗಬಾರದು, ಗಾಳಿಯ ಪಂಪು ನಿಲ್ಲಬಾರದು. ಬ್ಯಾಟರಿಯಲ್ಲಿ ಓಡುವ ಪಂಪು ತಂದಿಟ್ಟಿದ್ದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಅವರು ವಿಧೇಯರಾಗಿ ತಲೆ ಆಡಿಸಿದರು. ದೊಡ್ಡ ನೀಲಿ ಡ್ರಮ್ಮಿಗೆ ಹಳೆಯ ನೀರು ತುಂಬಿಸಿದೆವು. ಮೀನನ್ನು ಹಿಡಿಯಲು ನಾನು ಪುಟ್ಟ ಬಲೆ ಎತ್ತಿಕೊಂಡಾಗ ಮಾವ ಅದನ್ನು ಬದಿಗಿಟ್ಟರು. ಬೈರಾಸನ್ನು ನೀರಲ್ಲಿ ಒದ್ದೆ ಮಾಡಿ, ಎರಡೂ ಕೈ ಇಳಿಸಿ, ಅವಸರ ಮಾಡದೆ ಕಾದರು. ಮೀನು ಮೂಲೆಗೆ ಹೋಯಿತು, ತಿರುಗಿತು, ತಾನಾಗಿಯೇ ಆ ಕೈಗಳ ನಡುವೆ ಬಂದು ನಿಂತಿತು. ಬೈರಾಸಿನಲ್ಲಿ ಎತ್ತಿ ಡ್ರಮ್ಮಿಗೆ ಇಳಿಸಿದರು. ಅದು ಒಂದು ಸಲವೂ ಒದ್ದಾಡಲಿಲ್ಲ.

“ಅವನ ಕೈ ಅಂದುಕೊಂಡಿತೋ ಏನೋ,” ಎಂದರು ಮಾವ.

ನಿಜಕ್ಕೂ ಅಪ್ಪ ಮಗನ ಕೈ ಒಂದೇ ಥರ ಇತ್ತು, ಅಗಲ ಅಂಗೈ, ಮೊಂಡು ಬೆರಳು. ನಾನು ಅದನ್ನು ಆವರೆಗೆ ಗಮನಿಸಿರಲಿಲ್ಲ.

ಡ್ರಮ್ಮನ್ನು ಮೊದಲು ಕೆಳಗೆ ಒಯ್ದು ಪಿಕಪ್‌ನಲ್ಲಿಟ್ಟರು. ಪಿಕಪ್ ಹಲಸಿನ ಮರದ ನೆರಳಲ್ಲಿ ನಿಂತಿತ್ತು. ಒಬ್ಬರನ್ನು ಕಾವಲಿಗೆ ಬಿಟ್ಟು ಉಳಿದವರೆಲ್ಲ ಪೆಟ್ಟಿಗೆಗೆ ಬಂದರು.

ಖಾಲಿ ಅಕ್ವೇರಿಯಂ ಹಗುರ ಇರುತ್ತದೆ ಎಂದು ನಾನು ತಿಳಿದಿದ್ದೆ. ಗಾಜು ಅಷ್ಟು ತೂಗುತ್ತದೆ ಎಂದು ಅಂದು ಗೊತ್ತಾಯಿತು. ಹಿಡಿಯಲಿಕ್ಕೆ ಎಲ್ಲಿಯೂ ಹಿಡಿ ಇಲ್ಲ, ಒದ್ದೆ ಗಾಜು ಕೈಯಿಂದ ಜಾರುತ್ತದೆ. ಭಾವ ಹಗ್ಗ ಎಂದರು, ಮಾವ ಬೇಡ ಎಂದರು. ಪಿಕಪ್‌ನಿಂದ ಹಳೆಯ ಬಲೆಯೊಂದನ್ನು ತರಿಸಿದರು. ಪೆಟ್ಟಿಗೆಗೆ ಮೊದಲು ನನ್ನ ಹಳೆಯ ರಜಾಯಿ ಸುತ್ತಿ, ಅದರ ಮೇಲೆ ಬಲೆಯನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದರು. ಈಗ ಎಲ್ಲಿ ಕೈ ಹಾಕಿದರೂ ಬೆರಳು ಬಲೆಯ ಕಣ್ಣಿಗೆ ಸಿಕ್ಕಿ ನಿಲ್ಲುತ್ತಿತ್ತು. ಮೀನಿನ ಮನೆಯೇ ಬಲೆಗೆ ಬಿದ್ದದ್ದನ್ನು ನೋಡಿ ಬೋಟಿನವರು ನಕ್ಕರು. ಇವರು ಇದ್ದಿದ್ದರೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಮೆಟ್ಟಿಲಿಗೆ ಬರುವಷ್ಟರಲ್ಲಿ ಬಾಗಿಲುಗಳೆಲ್ಲ ತೆರೆದುಕೊಂಡವು. ಎದುರು ಮನೆಯವರು ಓರೆ ಮಾಡಿ ಎಂದರು, ಮೇಲಿನವರು ಓರೆ ಮಾಡಬೇಡಿ ಎಂದರು. ಟೇಪು ಹಿಡಿದು ಬಂದ ಮೇಷ್ಟ್ರೊಬ್ಬರು ಮೆಟ್ಟಿಲಿನ ಅಗಲ ಅಳೆದು, ಇದು ಹೋಗುವುದಿಲ್ಲ ಎಂದು ತೀರ್ಪು ಕೊಟ್ಟು ಅಲ್ಲಿಯೇ ನಿಂತರು. ಹೋಗದಿದ್ದರೆ ಇಲ್ಲಿಯೇ ಇಡುತ್ತೇವೆ ಸಾರ್, ನೀವು ದಾಟಿಕೊಂಡು ಹೋಗಿ ಎಂದೆ. ಅವರು ಒಳಗೆ ಹೋದರು.

ಬೋಟಿನವರು ದೋಣಿ ಎಳೆಯುವಾಗ ಒಟ್ಟಿಗೆ ಬಲ ಹಾಕಲಿಕ್ಕೆ ‘ಐಸಾ’ ಎಂದು ಕೂಗುತ್ತಾರೆ. ಅಂದು ಮಾವ ಅದನ್ನು ಕೂಗಲಿಲ್ಲ, ಮಗುವನ್ನು ಮಲಗಿಸುವವರ ಹಾಗೆ ಮೆಲ್ಲನೆ ಹೇಳಿದರು. ಅವರು ಐಸಾ ಎಂದರೆ ಒಂದು ಮೆಟ್ಟಿಲು, ಮತ್ತೆ ಐಸಾ ಎಂದರೆ ಇನ್ನೊಂದು. ತಾವು ಎಲ್ಲರಿಗಿಂತ ಕೆಳಗೆ, ಹಿಂದೆ ಹಿಂದೆ ಕಾಲಿಡುತ್ತಾ, ಎರಡೂ ಕೈ ಮೇಲೆತ್ತಿ ಗಾಜಿನ ತಳಕ್ಕೆ ಕೊಟ್ಟಿದ್ದರು. ಮೇಲಿನವರ ಕೈ ತಪ್ಪಿದರೆ ಅಷ್ಟೂ ಅವರ ಎದೆಯ ಮೇಲೆ. ನೀವು ಬದಿಗೆ ಬನ್ನಿ ಮಾವ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ತಿರುವಿನಲ್ಲಿ ಸಿಕ್ಕಿಬಿತ್ತು. ಕುರ್ಚಿಯ ಕಾಲು ಸಿಕ್ಕಿಕೊಳ್ಳುತ್ತಿದ್ದದ್ದೂ ಅದೇ ಜಾಗದಲ್ಲಿ, ಕಂಬಿಯ ಮೇಲೆ ಆ ಗೀರು ಇನ್ನೂ ಇತ್ತು. ಅದನ್ನು ನೋಡಿದ್ದೇ ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಪೆಟ್ಟಿಗೆಯ ಒಂದು ತುದಿಯನ್ನು ಕಂಬಿಯ ಆಚೆ, ಕೆಳಗಿನ ತನಕ ಖಾಲಿ ಇರುವ ಜಾಗಕ್ಕೆ ಚಾಚಿ ತಿರುಗಿಸದೆ ಬೇರೆ ದಾರಿ ಇರಲಿಲ್ಲ. ನಾನು ಕಣ್ಣು ಮುಚ್ಚಿದೆ. ಬಲೆ ಕಂಬಿಗೆ ಉಜ್ಜುವ ಸದ್ದು, ಗಂಡಸರ ಉಸಿರು, ಮಾವನ ಐಸಾ. ಕಣ್ಣು ತೆರೆದಾಗ ಅದು ಆ ಬದಿಗೆ ಹೋಗಿತ್ತು. ಹೀಗೆಯೇ ಇನ್ನೊಂದು ತಿರುವು, ಮತ್ತೊಂದು. ಕೊನೆಯ ಮೆಟ್ಟಿಲು ದಾಟಿ ನೆಲಕ್ಕೆ ಮುಟ್ಟಿದಾಗ ಗಾಜಿಗೆ ಒಂದು ಕೂದಲೆಳೆಯ ಗೀರೂ ಬಿದ್ದಿರಲಿಲ್ಲ. ಮಾವ ಗೋಡೆಗೆ ಒರಗಿ ಕೂತರು. ನಾನು ನೀರು ಕೊಟ್ಟೆ. ಇವರು ಹೋದ ಮೇಲೆ ಮೊದಲ ಸಲ ಅವರ ಪಕ್ಕದಲ್ಲಿ ಕೂತೆ.

ಆಮೇಲೆ ನಾನು ಮೇಲೆ ಹೋಗಿ ಮನೆ ಗುಡಿಸಿ, ಕಿಟಕಿಗಳನ್ನು ಹಾಕಿ, ಬೀಗದ ಕೈಯನ್ನು ಆಫೀಸಿಗೆ ಕೊಟ್ಟು ಬರಬೇಕಿತ್ತು. ಆಫೀಸಿನಲ್ಲಿ ಕಾಯಬೇಕಾಯಿತು. ಬರುವಷ್ಟರಲ್ಲಿ ಬಿಸಿಲು ತಿರುಗಿ ಹಲಸಿನ ನೆರಳು ಪಿಕಪ್‌ನಿಂದ ಆಚೆ ಸರಿದಿತ್ತು. ಎಲ್ಲರೂ ಹೊರಡಲು ತಯಾರು. ಮಾವ ಮುಂದಿನ ಸೀಟು ನನಗೆ ಬಿಟ್ಟು, ಹಿಂದೆ ಡ್ರಮ್ಮಿನ ಪಕ್ಕ ಕೂತಿದ್ದರು. ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿದ್ದರು. ಪಂಪು ಓಡುತ್ತಾ ಉಂಟಾ ಎಂದು ಕೇಳಿದೆ. ಓಡುತ್ತಾ ಉಂಟು, ನೀನು ಕೂತುಕೋ ಎಂದರು. ಭಾವ ಗಾಡಿ ಬಿಟ್ಟರು. ಉಡುಪಿ ದಾಟಿ, ಉದ್ಯಾವರದ ಸೇತುವೆ ದಾಟಿ, ಹೆದ್ದಾರಿಯಲ್ಲಿ ಹೋಗುವಾಗ ನಾನು ಹಿಂದಿನ ಸಣ್ಣ ಕಿಟಕಿಯಲ್ಲಿ ಆಗಾಗ ಇಣುಕುತ್ತಿದ್ದೆ. ಮಾವನ ಒಂದು ಕೈ ಡ್ರಮ್ಮನ್ನು ಬಳಸಿ ಹಿಡಿದಿತ್ತು. ಇನ್ನೊಂದನ್ನು ನನಗೆ ಕಾಣುವ ಹಾಗೆ ಎತ್ತಿ, ಎಲ್ಲ ಸರಿ ಉಂಟು ಎಂದು ಆಡಿಸುತ್ತಿದ್ದರು. ಮಾವನ ಮೇಲೆ ಅನ್ಯಾಯವಾಗಿ ಸಿಟ್ಟು ಮಾಡಿದೆನಲ್ಲ ಎಂದು ನನಗೆ ಅನಿಸಿತು. ತಿಂಗಳುಗಳ ನಂತರ ಆ ದಾರಿಯಲ್ಲಿ ನನ್ನ ಮನಸ್ಸು ಹಗುರವಾಗಿತ್ತು.

ಕಾಪುವಿನ ಮನೆಯಲ್ಲಿ ಜಗಲಿಯ ಒಂದು ಬದಿ ಖಾಲಿ ಮಾಡಿ, ಹೊಸ ಸ್ಟ್ಯಾಂಡು ಇಟ್ಟು, ಪ್ಲಗ್ ಪಾಯಿಂಟ್ ಕೂಡ ಹಾಕಿಸಿದ್ದರು. ಪೆಟ್ಟಿಗೆಯನ್ನು ಇಳಿಸಿ, ಬಲೆ ಬಿಚ್ಚಿ, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಎಲ್ಲರಿಗೂ ಮಜ್ಜಿಗೆ ತಂದರು. ಆಗ ಮಾವ ನನ್ನನ್ನು ಪಿಕಪ್ ಕಡೆ ಕರೆದು, ಗೋಣಿ ಸರಿಸಿ, ಮುಚ್ಚಳ ತೆಗೆದರು. ಅವರ ಮುಖದಲ್ಲಿ ಹೆಮ್ಮೆ ಇತ್ತು.

“ನೋಡು ಮಗಾ, ಎಷ್ಟು ತಂಪಾಗಿ ತಂದಿದ್ದೇನೆ.”

ನೀರಿನ ಮೇಲೆ ಐಸಿನ ಚೂರುಗಳು ತೇಲುತ್ತಿದ್ದವು.

ಕೈ ಹಾಕಿದೆ. ಎಲುಬಿಗೆ ಇಳಿಯುವಷ್ಟು ತಣ್ಣಗಿತ್ತು. ಮೀನು ತಳದಲ್ಲಿ ಒಂದು ಬದಿಗೆ ವಾಲಿ ಬಿದ್ದಿತ್ತು. ಪಂಪು ಪಾಪ, ಗುಳುಗುಳು ಎಂದು ತನ್ನ ಕೆಲಸ ಮಾಡುತ್ತಲೇ ಇತ್ತು.

ಆಮೇಲೆ ಕೇಳಿ ತಿಳಿದದ್ದು ಇಷ್ಟು. ನೆರಳು ಸರಿದು ಡ್ರಮ್ಮಿಗೆ ಬಿಸಿಲು ಬಿದ್ದಾಗ ಮಾವ ಕೈ ಹಾಕಿ ನೋಡಿದ್ದಾರೆ. ನೀರು ಬೆಚ್ಚಗಿದೆ. ಬೆಚ್ಚಗಾದರೆ ಮೀನು ಹಾಳಾಗುತ್ತದೆ ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು, ಇದು ಬೆಚ್ಚಗಿನ ನೀರಿನಲ್ಲೇ ಬದುಕುವ ಜಾತಿ ಎಂಬುದು ಗೊತ್ತಿಲ್ಲ. ಪಿಕಪ್‌ನ ಪೆಟ್ಟಿಗೆಯಲ್ಲಿ ಬೆಳಗಿನ ಐಸು ಉಳಿದಿತ್ತು. ಕೈಯಿಂದ ಮೊಗೆದು ಮೊಗೆದು ಹಾಕಿದ್ದಾರೆ. ದಾರಿಯಲ್ಲಿ ಕರಗಿದ ಹಾಗೆ ಮತ್ತೆ ಹಾಕಿದ್ದಾರೆ. ಮೀನು ಓಡಾಟ ನಿಲ್ಲಿಸಿದ್ದನ್ನು ನೋಡಿ, ಈಗ ಅದಕ್ಕೆ ಸುಖವಾಯಿತು ಎಂದು ಪಕ್ಕದವರಿಗೆ ಹೇಳಿದ್ದಾರೆ. ಪಕ್ಕದವರೂ ಹೌದು ಎಂದಿದ್ದಾರೆ. ಆ ಗಾಡಿಯಲ್ಲಿ ಇದ್ದವರಲ್ಲಿ ಯಾರಿಗೂ ಬೇರೆ ಥರ ತೋಚುವ ಹಾಗೇ ಇರಲಿಲ್ಲ. ನೀರು, ಸ್ಪಂಜು, ಪಂಪು ಎಂದು ಇಷ್ಟುದ್ದ ಪಾಠ ಮಾಡಿದವಳು ನಾನು. ಐಸು ಹಾಕಬೇಡಿ ಎಂದು ಬದುಕಿರುವ ಮೀನಿನ ಬಗ್ಗೆ ಯಾರಾದರೂ ಹೇಳುತ್ತಾರೆಯೇ?

ಬಿಸಿನೀರು ಎಂದು ಕೂಗಿದೆ. ಅಕ್ಕ ಬಚ್ಚಲಿನ ಹಂಡೆಯಿಂದ ಚೆಂಬಿನಲ್ಲಿ ತಂದು ತಂದು ಕೊಟ್ಟರು. ಒಮ್ಮೆಗೇ ಹಾಕಬಾರದೆಂದು ಸ್ವಲ್ಪ ಸ್ವಲ್ಪವೇ ಸುರಿದೆ. ಮೀನನ್ನು ಅಂಗೈಯಲ್ಲಿ ನೆಟ್ಟಗೆ ಹಿಡಿದು, ಕಿವಿರಿಗೆ ನೀರು ಹೋಗಲೆಂದು ಮುಂದೆ ಹಿಂದೆ ಆಡಿಸಿದೆ. ಒಂದು ಸಲ ಕಿವಿರು ತೆರೆಯಿತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಸಲ. ಎಲ್ಲರೂ ಸುತ್ತ ನಿಂತಿದ್ದರು, ಬೋಟಿನವರು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಮೂರನೆಯ ಸಲಕ್ಕೆ ಕಾದೆ. ನನ್ನ ಕೈ ಬೆಚ್ಚಗಾಯಿತು, ನೀರು ಬೆಚ್ಚಗಾಯಿತು, ಮೀನಿನ ಮೈಯ ಕೆಂಡದ ಬಣ್ಣ ಮಾತ್ರ ಕಣ್ಣೆದುರೇ ಬೂದಿಯಾಗುತ್ತಾ ಹೋಯಿತು. ಸಾಕು ಬಿಡು ಎಂದು ಭಾವ ನನ್ನ ಭುಜ ಮುಟ್ಟಿದರು.

ಆ ಕ್ಷಣದಲ್ಲಿ ನನಗೆ ಮಾವನನ್ನು ಹಿಡಿದು ಅಲುಗಾಡಿಸಬೇಕು ಎನಿಸಿತು. ಇಲ್ಲ, ಸುಳ್ಳು ಯಾಕೆ, ಕೊಂದುಬಿಡಬೇಕು ಎನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ಹೇಳಿದ್ದರೆ ಆ ಮನೆಗೆ ನಾನು ಮತ್ತೆ ಕಾಲಿಡುವ ಹಾಗೆ ಇರಲಿಲ್ಲ. ಮಾವ ಡ್ರಮ್ಮಿನೊಳಗೆ ನೋಡುತ್ತಾ ಇದ್ದರು, ಇನ್ನೂ ಅವರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಬಿಸಿಲಿತ್ತಲ್ವಾ, ಬಿಸಿಲಿತ್ತಲ್ವಾ ಎಂದು ಎರಡೆರಡು ಸಲ ಹೇಳಿದರು. ನಾನು ಬಾವಿಕಟ್ಟೆಯ ಕಡೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಇವರನ್ನು ಎರಡನೆಯ ಸಲ ಕಳೆದುಕೊಂಡೆ ಎಂದು ಅತ್ತೆ. ಆ ದಿನ ಅತ್ತದ್ದು ಮೀನಿಗಾಗಿ ಎಂದು ಯಾರಾದರೂ ತಿಳಿದಿದ್ದರೆ ತಿಳಿದುಕೊಳ್ಳಲಿ.

ಸಂಜೆಯ ಹೊತ್ತಿಗೆ ಬೋಟಿನವರು ಹೋಗಿದ್ದರು. ಮೀನು ಒಂದು ಸ್ಟೀಲಿನ ತಟ್ಟೆಯಲ್ಲಿ ಜಗಲಿಯ ಮೇಲಿತ್ತು. ದಿನಾ ಬುಟ್ಟಿಗಟ್ಟಲೆ ಮೀನು ಬರುವ ಆ ಮನೆಯಲ್ಲಿ ಇದೊಂದನ್ನು ಎಲ್ಲಿಡುವುದೆಂದು ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಬೆಕ್ಕು ಬಾರದ ಹಾಗೆ ಅದರ ಮೇಲೊಂದು ಬುಟ್ಟಿ ಕವುಚಿದ್ದರು. ಮಾವ ಬಂದು ಬುಟ್ಟಿ ಎತ್ತಿ, ಮೀನನ್ನು ಬೈರಾಸಿನಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡು ಕಡಲಿನ ಕಡೆ ಹೊರಟರು. ನಾನು ಹಿಂದೆ ಹೋದೆ. ಯಾಕೆ ಹೋದೆ ಎಂದು ಹೇಳಲಾರೆ, ಬಹುಶಃ ಅದನ್ನು ಬಿಟ್ಟಿರಲು ಆಗಲಿಲ್ಲ.

ದೀಪಸ್ತಂಭದ ಕಡೆ ರಜೆಯ ಜನ ತುಂಬಿದ್ದರು, ನಾವು ಜನವಿಲ್ಲದ ಬದಿಗೆ ನಡೆದೆವು. ಮಾವ ಮೊಣಕಾಲಿನ ತನಕ ನೀರಿಗೆ ಇಳಿದರು. ಒಂದು ತೆರೆ ಬಂದು ಹೋಯಿತು, ಮತ್ತೊಂದು ಬಂದು ಹೋಯಿತು. ಅವರು ಬೈರಾಸು ಬಿಚ್ಚಲಿಲ್ಲ. ತಿರುಗಿ ನನ್ನನ್ನು ನೋಡಿದರು.

“ಇದಕ್ಕೆ ಉಪ್ಪು ನೀರು ಆಗುವುದಿಲ್ಲ ಅಲ್ವಾ?” ಎಂದರು. “ಅವ ಹೇಳಿದ್ದ.”

ಆಗುವುದಿಲ್ಲ ಮಾವ ಎಂದೆ.

ಅವರು ನೀರಿನಿಂದ ಮೇಲೆ ಬಂದರು. ಮರಳಿನಲ್ಲಿ ನನ್ನ ಎದುರು ನಿಂತರು, ಪಂಚೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ಇಷ್ಟು ತಿಂಗಳಲ್ಲಿ ನಾನು ನೋಡದೆ ಇದ್ದದ್ದನ್ನು ಆಗ ನೋಡಿದೆ. ಅವರು ಅಳುತ್ತಿದ್ದರು, ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ. ಎರಡೂ ಕೈಯಲ್ಲಿ ಮೀನಿತ್ತು, ಮುಚ್ಚಿಕೊಳ್ಳಲು ಕೈ ಇರಲಿಲ್ಲ.

“ನಾನು ಐಸು ಹಾಕಿದ್ದಕ್ಕೇ ಅಲ್ವಾ?”

ಇಲ್ಲ ಎನ್ನಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಅನ್ನುತ್ತಿದ್ದರು. ನನಗೆ ಸುಳ್ಳು ಬಾಯಿಗೆ ಬರಲಿಲ್ಲ, ಹೌದು ಎಂದೆ.

ಮಾವ ತಲೆ ಆಡಿಸಿದರು. “ಅವ ಇದ್ದಿದ್ದರೆ ನನಗೆ ಸಮಾ ಬೈಯುತ್ತಿದ್ದ,” ಎಂದರು. “ನನಗೆ ಬೈಯುವವ ಅವನೊಬ್ಬನೇ ಇದ್ದದ್ದು. ದೊಡ್ಡವ ಎಂತದೂ ಹೇಳುವುದಿಲ್ಲ. ನೀನಾದರೂ ಬೈ ಮಗಾ.”

ಮಧ್ಯಾಹ್ನದಿಂದ ಗಂಟಲಲ್ಲಿ ಹಿಡಿದಿಟ್ಟದ್ದು ನನ್ನಲ್ಲಿ ಇತ್ತು. ಆದರೆ ಬಾಯಿ ತೆರೆದಾಗ ಹೊರಗೆ ಬಂದದ್ದು ನನ್ನ ಮಾತಲ್ಲ. ಇವರು ಅಪ್ಪನನ್ನು ಬೈಯುವ ಅದೇ ಧಾಟಿ, ಅದೇ ಏರು ದನಿ. ನಿಮಗೆ ಮಂಡೆ ಸಮ ಉಂಟಾ ಎಂದೆ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬೇಡಿ ಎಂದು ಎಷ್ಟು ಸಲ ಹೇಳಬೇಕು ಎಂದೆ. ಒಂದು ಮಾತು ಕೇಳಿದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಅಳುತ್ತಾ ಬೈದೆ. ಮಾವ ತಲೆ ತಗ್ಗಿಸಿ, ಮೀನನ್ನು ಎದೆಗೆ ಒತ್ತಿ ಹಿಡಿದು, ಪ್ರತಿ ಮಾತಿಗೂ ಹೌದು, ಹೌದು ಎನ್ನುತ್ತಾ ಕೇಳಿದರು. ನನಗೆ ಮಾತು ಮುಗಿಯಿತು. ಅವರು ಕದಲಲಿಲ್ಲ, ಇನ್ನೂ ಉಂಟಾ ಎಂದು ಕೇಳುವವರ ಹಾಗೆ ಮುಖ ಎತ್ತಿ ನನ್ನನ್ನೇ ನೋಡಿದರು. ನಾನು ಇನ್ನಷ್ಟು ಬೈದೆ.